ಹುಣ್ಣು ಒಣಗುವ ಮೊದಲೇ ವೇನ್ ಆಪರೇಷನ್ ಮಾಡಿಸಬಹುದಾ?

ಸಂಜೆಗಾಳಿ

ಅಮ್ಮನ ಕಾಲಿನ ವಿಷಯ ಕೇಳಬೇಕಿತ್ತು. ಎಡಗಾಲಿನ ಒಳಬದಿಯ ಗಿಣ್ಣಿನ ಮೇಲೆ ಹುಣ್ಣಾಗಿದೆ. ಅರ್ಧ ಅಂಗೈಯಷ್ಟು ಅಗಲ, ಆಳ ಅಷ್ಟಿಲ್ಲ. ಸುತ್ತಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ, ತುರಿಕೆ ಬೇರೆ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ, ಗಾಯದಿಂದ ನೀರು ಸೋರುತ್ತದೆ. ತೊಡೆಯ ಒಳಬದಿಯಿಂದ ಕೆಳಗಿನ ತನಕ ವೆರಿಕೋಸ್ ವೇನ್ಸ್ (ಉಬ್ಬಿದ ರಕ್ತನಾಳಗಳು) ಎದ್ದು ಕಾಣುತ್ತವೆ. ಹೋದ ವರ್ಷವೂ ಇದೇ ಜಾಗದಲ್ಲಿ ಆಗಿತ್ತು. ಬ್ಯಾಂಡೇಜ್ ಕಟ್ಟಿಸಿ ಒಣಗಿತ್ತು. ಈಗ ಮತ್ತೆ ಶುರುವಾಗಿ ಎರಡು ತಿಂಗಳ ಮೇಲಾಯಿತು.

ಒಬ್ಬ ಡಾಕ್ಟರು "ಮೊದಲು ಹುಣ್ಣು ಒಣಗಲಿ, ಆಪರೇಷನ್ ವಿಚಾರ ಆಮೇಲೆ" ಅಂದರು. ಇನ್ನೊಬ್ಬರು "ಹುಣ್ಣು ಇರುವಾಗಲೇ ಲೇಸರ್ ಮಾಡಿಸಿ, ಕಾಯಬೇಡಿ" ಅಂದರು. ನಾವು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇವೆ. ತೆರೆದ ಗಾಯ ಇರುವ ಕಾಲಿಗೆ ಕೈ ಹಾಕಿದರೆ ಅದು ಇನ್ನೂ ಕೆಡುವುದಿಲ್ವಾ? ಮಾಡಿಸಿದ ಮೇಲಾದರೂ ಮತ್ತೆ ಬರದೆ ಇರುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇಕಾಲು

ನನ್ನದು ಬಲಗಾಲು, ಜಾಗ ಅದೇ. ಬಹಳ ಹಿಂದೆ ವೇನ್ ಕಿತ್ತು ತೆಗೆಯುವ ಹಳೆಯ ಆಪರೇಷನ್ ಮಾಡಿಸಿಕೊಂಡವನು ನಾನು. ತೊಡೆಸಂದಿನಲ್ಲಿ ಒಂದು ಗಾಯ, ಮಂಡಿಯ ಕೆಳಗೆ ಇನ್ನೊಂದು. ತೊಡೆಯೆಲ್ಲ ನೀಲಿಗಟ್ಟಿ, ಸರಿಯಾಗಿ ನಡೆಯೋಕೆ ವಾರಗಳೇ ಹಿಡಿದವು. ಹುಣ್ಣು ವಾಸಿಯಾಯಿತು, ಅದು ನಿಜ. ವರ್ಷಗಟ್ಟಲೆ ಆರಾಮಾಗಿದ್ದೆ. ಆಮೇಲೆ ಮತ್ತೆ ಬಂತು. ಹಾಗಾಗಿ "ಒಂದು ಸಲ ಆಪರೇಷನ್ ಆದರೆ ಜನ್ಮದಲ್ಲಿ ಬರಲ್ಲ" ಅಂತ ಯಾರಾದರೂ ಭರವಸೆ ಕೊಟ್ಟರೆ ಸುಮ್ನೆ ತಲೆಯಾಡಿಸಿ ಬನ್ನಿ.

ಗಾಯದಕೋಣೆ

ನಾನು ನರ್ಸ್. ಕಾಲಿನ ಗಾಯಗಳ ಡ್ರೆಸ್ಸಿಂಗೇ ನನ್ನ ಕೆಲಸ.

ಸಂಜೆಗಾಳಿ, ಆಪರೇಷನ್ ಮಾತು ಸ್ವಲ್ಪ ಪಕ್ಕಕ್ಕಿಡೋಣ. ಅಮ್ಮನ ಎಬಿಪಿಐ ನೋಡಿದ್ದಾರಾ? ಗಿಣ್ಣಿನ ಹತ್ತಿರ ಬಿ.ಪಿ. ಅಳೆದು, ಅದನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಕಾಲಿಗೆ ಶುದ್ಧ ರಕ್ತ ಎಷ್ಟು ಚೆನ್ನಾಗಿ ಇಳಿಯುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. 0.8ಕ್ಕಿಂತ ಮೇಲಿದ್ದರೆ ಬಿಗಿಯಾದ ಬ್ಯಾಂಡೇಜ್ ಕಟ್ಟಬಹುದು. 0.5ಕ್ಕಿಂತ ಕೆಳಗಿದ್ದರೆ ಬಿಗಿ ಬ್ಯಾಂಡೇಜ್ ಕಾಲಿಗೇ ಅಪಾಯ, ಮೊದಲು ಧಮನಿಯ (ಶುದ್ಧ ರಕ್ತ ತರುವ ನಾಳದ) ಚಿಕಿತ್ಸೆ ಆಗಬೇಕು. 1.3 ದಾಟಿದರೆ ಖುಷಿಪಡಬೇಡಿ. ರಕ್ತನಾಳದ ಗೋಡೆ ಗಡಸಾಗಿ ಸಂಖ್ಯೆಯೇ ಸುಳ್ಳು ಹೇಳುತ್ತಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ.

ಇದನ್ನು ನೋಡದೆ ಬ್ಯಾಂಡೇಜ್ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಐದು ಹತ್ತು ನಿಮಿಷದ ಕೆಲಸ ಅದು.

ಇನ್ನೊಂದು, ಡ್ಯೂಪ್ಲೆಕ್ಸ್ ಡಾಪ್ಲರ್ ಸ್ಕ್ಯಾನ್ ಆಗಿದೆಯಾ? ನಿಲ್ಲಿಸಿಕೊಂಡು ಮಾಡಿದರಾ, ಮಲಗಿಸಿ ಮಾಡಿದರಾ? ರಕ್ತ ಹಿಂದಕ್ಕೆ ಸೋರುವುದನ್ನು ನೋಡಲು ನಿಲ್ಲಿಸಿಕೊಂಡೇ ಮಾಡಬೇಕು.

ಪ್ರಶ್ನೆಗಂಟು

ನನಗೊಂದು ಅರ್ಥವಾಗಲ್ಲ. ಹುಣ್ಣಿರೋದು ಚರ್ಮದಲ್ಲಿ. ಬ್ಯಾಂಡೇಜ್ ಕಟ್ಟಿದರೆ ಒಣಗುತ್ತೆ ಅಂತ ಎಲ್ಲರೂ ಒಪ್ಪುತ್ತಾರೆ. ಹೋದ ವರ್ಷ ಇವರ ಅಮ್ಮನಿಗೂ ಒಣಗಿದೆ. ಹಾಗಿದ್ದರೆ ತೊಡೆಯಲ್ಲಿರುವ ವೇನ್‌ಗೆ ಲೇಸರ್ ಯಾಕೆ? ಯಂತ್ರ ತಂದಿಟ್ಟವರು ಅದಕ್ಕೆ ಕೆಲಸ ಕೊಡಬೇಕಲ್ಲ, ಅದಕ್ಕಾ?

ವೇನ್‌ವೈದ್ಯ

ಪ್ರಶ್ನೆಗಂಟು ಅವರ ಅನುಮಾನ ಸಹಜ. ನಾನು ರಕ್ತನಾಳದ ಸರ್ಜನ್. ಸ್ವಲ್ಪ ಉದ್ದ ಬರೆಯುತ್ತೇನೆ.

ವೇನ್ ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ನಾವು ಅಲ್ಲಾಡದೆ ನಿಂತಾಗ ಗಿಣ್ಣಿನ ಹತ್ತಿರದ ವೇನ್‌ನಲ್ಲಿ ಒತ್ತಡ ಸುಮಾರು 80–90 ಮಿ.ಮೀ. ಪಾದರಸ ಇರುತ್ತದೆ. ಹೃದಯದಿಂದ ಗಿಣ್ಣಿನ ತನಕ ನಿಂತಿರುವ ರಕ್ತದ ಭಾರ ಅದು. ನಡೆಯಲು ಶುರು ಮಾಡಿದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ವೇನ್ ಒಳಗಿನ ಕವಾಟಗಳು ಅದು ವಾಪಸ್ ಬೀಳದಂತೆ ತಡೆಯುತ್ತವೆ. ಬಾವಿಯಿಂದ ಕೊಡ ಸೇದುವಾಗ ಒಂದು ಕೈ ಎಳೆಯುತ್ತದೆ, ಇನ್ನೊಂದು ಕೈ ಹಗ್ಗ ಜಾರದಂತೆ ಹಿಡಿಯುತ್ತದೆ. ಹಿಡಿಯುವ ಕೈಯ ಕೆಲಸ ಕವಾಟದ್ದು. ಎಲ್ಲ ಸರಿ ಇದ್ದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒತ್ತಡ 30ರ ಕೆಳಗೆ ಇಳಿಯುತ್ತದೆ. ಕವಾಟ ಕೆಟ್ಟವರಿಗೆ ನಡೆದರೂ 60ರ ಮೇಲೇ ನಿಲ್ಲಬಹುದು.

ಅಂದರೆ ಎಚ್ಚರವಿರುವಷ್ಟು ಹೊತ್ತೂ ಗಿಣ್ಣಿನ ಚರ್ಮದ ಸಣ್ಣ ಸಣ್ಣ ನಾಳಗಳ ಮೇಲೆ ಬಿಡುವಿಲ್ಲದ ಒತ್ತಡ. ನೀರು, ಪ್ರೋಟೀನು, ಕೆಂಪು ರಕ್ತಕಣ ಎಲ್ಲ ಹೊರಗೆ ಸೋರುತ್ತವೆ. ಆ ಕಣಗಳಲ್ಲಿನ ಕಬ್ಬಿಣದಿಂದಲೇ ಕಂದು ಬಣ್ಣ. ಉರಿಯೂತ ವರ್ಷಗಟ್ಟಲೆ ನಡೆದು ಚರ್ಮದ ಕೆಳಗಿನ ಕೊಬ್ಬು ಗಟ್ಟಿಯಾಗುತ್ತದೆ. ಆಮೇಲೆ ಒಂದು ಸಣ್ಣ ತರಚು ಸಾಕು, ಹುಣ್ಣಾಗುತ್ತದೆ, ಒಣಗುವುದಿಲ್ಲ. ಕಾಲಿನ ಹುಣ್ಣುಗಳಲ್ಲಿ ಹೆಚ್ಚಿನವು ಈ ಜಾತಿಯವು.

ಬ್ಯಾಂಡೇಜ್ ಏನು ಮಾಡುತ್ತೆ? ಹೊರಗಿನಿಂದ ಒತ್ತಿ ಆ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಬಹಳ ಒಳ್ಳೆಯ ಚಿಕಿತ್ಸೆ ಅದು, ಅದರ ಬಗ್ಗೆ ಹಗುರವಾಗಿ ಮಾತಾಡುವ ಸರ್ಜನ್ ನನಗೆ ಹಿಡಿಸುವುದಿಲ್ಲ. ಆದರೆ ಬಿಚ್ಚಿದ ದಿನವೇ ಸೋರುವ ಕವಾಟ ತನ್ನ ಕೆಲಸ ಶುರು ಮಾಡುತ್ತದೆ. ಆಪರೇಷನ್ ಹುಣ್ಣಿಗಲ್ಲ, ಆ ಸೋರಿಕೆಗೆ.

ಇದನ್ನು ಸುಮ್ನೆ ನನ್ನ ಅಭಿಪ್ರಾಯ ಅಂತ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಎಶ್ಚಾರ್ ಅಂತ ಒಂದು ಅಧ್ಯಯನ ನಡೆಯಿತು, 500 ರೋಗಿಗಳು. ಅರ್ಧ ಜನಕ್ಕೆ ಬರೀ ಬ್ಯಾಂಡೇಜ್, ಉಳಿದವರಿಗೆ ಬ್ಯಾಂಡೇಜ್ ಜತೆಗೆ ಮೇಲ್ಪದರದ (ಚರ್ಮದ ಕೆಳಗೇ ಇರುವ) ವೇನ್ ಆಪರೇಷನ್. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 24 ವಾರಕ್ಕೆ ಎರಡೂ ಗುಂಪಿನಲ್ಲಿ ಒಣಗಿದ್ದು 65 ಶೇಕಡ. ವ್ಯತ್ಯಾಸವೇ ಇಲ್ಲ! ಪ್ರಶ್ನೆಗಂಟು ಅವರು ಇಲ್ಲಿಗೆ ಓದು ನಿಲ್ಲಿಸಿದರೆ ಅವರು ಗೆದ್ದಂತೆ. ಆದರೆ ಒಂದು ವರ್ಷದಲ್ಲಿ ಹುಣ್ಣು ಮರಳಿ ಬಂದದ್ದು ಬ್ಯಾಂಡೇಜ್ ಗುಂಪಿನಲ್ಲಿ 28 ಶೇಕಡ, ಆಪರೇಷನ್ ಆದವರಲ್ಲಿ 12. ನಾಲ್ಕು ವರ್ಷಕ್ಕೆ 56 ಮತ್ತು 31.

ಹಳೇಕಾಲು

ಆ 31ರಲ್ಲಿ ನಾನೂ ಒಬ್ಬ ಅಂತಾಯ್ತು. 🙂

ಪ್ರಶ್ನೆಗಂಟು

ಅಂಕಿ ಅಂಶ ಒಪ್ಪಿದೆ. ಆದರೆ ಇದರಿಂದ ಮೊದಲ ಡಾಕ್ಟರೇ ಸರಿ ಅನಿಸುತ್ತಲ್ಲ? ಒಣಗೋದಕ್ಕೆ ಆಪರೇಷನ್ ಸಹಾಯ ಮಾಡಲ್ಲ, ಮರಳಿ ಬರದ ಹಾಗೆ ತಡೆಯುತ್ತೆ. ಹಾಗಾದ್ರೆ ಒಣಗಿದ ಮೇಲೇ ಮಾಡಿಸಬಹುದು. ಅವಸರ ಏನು?

ವೇನ್‌ವೈದ್ಯ

ಸರಿಯಾದ ಜಾಗದಲ್ಲಿ ಹಿಡಿದಿರಿ. ಎಶ್ಚಾರ್ ಬಂದ ಮೇಲೆ ತುಂಬಾ ಕಡೆ ಡಾಕ್ಟರುಗಳೂ ಹೀಗೇ ಯೋಚಿಸಿದರು. "ಮೊದಲು ಒಣಗಲಿ" ಅನ್ನುವ ಮಾತು ಇವತ್ತಿಗೂ ಉಳಿದುಕೊಂಡಿರುವುದು ಅದರಿಂದಲೇ.

ಆದರೆ ಎಶ್ಚಾರ್ ಕಾಲದ ಆಪರೇಷನ್ ಅಂದರೆ ಹಳೇಕಾಲು ಅವರು ಹೇಳಿದ ಕತ್ತರಿ ಆಪರೇಷನ್. ವಯಸ್ಸಾದ ಎಷ್ಟೋ ಜನ ಅದಕ್ಕೆ ಹೆದರಿ ಹಿಂದೆ ಸರಿದರು. ಒಪ್ಪಿದವರಿಗೂ ಆಪರೇಷನ್ ಆಗುವ ಹೊತ್ತಿಗೆ ವಾರಗಳು ಕಳೆದಿರುತ್ತಿದ್ದವು. ಆಮೇಲೆ ಲೇಸರ್, ರೇಡಿಯೊ ಫ್ರೀಕ್ವೆನ್ಸಿ, ಫೋಮ್ ಬಂದವು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಿ, ಅದೇ ದಿನ ನಡೆಸಿಕೊಂಡು ಮನೆಗೆ ಕಳಿಸಬಹುದು. ಹಾಗಾದರೆ ಬೇಗ ಮಾಡಿದರೆ ಏನಾಗುತ್ತೆ ಅಂತ ನೋಡಲು ಎವ್ರಾ ಅನ್ನುವ ಅಧ್ಯಯನ ಮಾಡಿದರು. 2018ರಲ್ಲಿ ಫಲಿತಾಂಶ ಬಂತು. ಬ್ರಿಟನ್ನಿನ 20 ಕೇಂದ್ರ, 450 ರೋಗಿಗಳು. ಎಲ್ಲರಿಗೂ ಬ್ಯಾಂಡೇಜ್. ಒಂದು ಗುಂಪಿಗೆ ಎರಡು ವಾರದೊಳಗೆ ವೇನ್ ಚಿಕಿತ್ಸೆ. ಇನ್ನೊಂದು ಗುಂಪಿಗೆ ಹುಣ್ಣು ಒಣಗಿದ ಮೇಲೆ, ಇಲ್ಲವೇ ಆರು ತಿಂಗಳಾದರೂ ಒಣಗದಿದ್ದರೆ ಆಗ.

ಬೇಗ ಮಾಡಿಸಿಕೊಂಡವರ ಹುಣ್ಣು ಒಣಗಲು ಹಿಡಿದ ಮಧ್ಯಮ ಅವಧಿ 56 ದಿನ. ಕಾದವರದ್ದು 82 ದಿನ. 24 ವಾರಕ್ಕೆ 85.6 ಶೇಕಡ ಮತ್ತು 76.3 ಶೇಕಡ. ಅಂದರೆ ಒಣಗೋದಕ್ಕೂ ಸಹಾಯವಾಗುತ್ತದೆ, ಬೇಗ ಮಾಡಿದರೆ. ಅದೇ ರೋಗಿಗಳನ್ನು ಮುಂದೆಯೂ ಗಮನಿಸಿದಾಗ ಮರಳಿ ಬರುವುದೂ ಬೇಗ ಮಾಡಿಸಿಕೊಂಡವರಲ್ಲಿ ಕಡಿಮೆ ಇತ್ತು.

ಒಂದು ಎಚ್ಚರಿಕೆ. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಆರು ವಾರದಿಂದ ಆರು ತಿಂಗಳ ಒಳಗಿನ ಹುಣ್ಣುಗಳನ್ನು ಮಾತ್ರ. ಐದಾರು ವರ್ಷದಿಂದ ಬಾಯಿ ಬಿಟ್ಟುಕೊಂಡಿರುವ ಹುಣ್ಣಿಗೆ 56 ದಿನ ಅಂತ ಮಾತು ಕೊಡಲಾಗದು. ಸಂಜೆಗಾಳಿ ಅವರ ಅಮ್ಮನ ಹುಣ್ಣು ಎರಡು ತಿಂಗಳು ದಾಟಿದ್ದು, ಲೆಕ್ಕದೊಳಗೆ ಬರುತ್ತದೆ. ನನ್ನನ್ನು ಕೇಳಿದರೆ ಎರಡನೇ ಡಾಕ್ಟರ ಮಾತಿಗೆ ನನ್ನ ವೋಟು. ಆದರೆ ಸ್ಕ್ಯಾನ್ ನೋಡದೆ ಇದನ್ನು ಪಕ್ಕಾ ಅಂತ ತಗೊಳ್ಳಬೇಡಿ.

ಸಂಜೆಗಾಳಿ

ಸ್ಕ್ಯಾನ್ ಇವತ್ತು ಆಯಿತು, ನಿಲ್ಲಿಸಿಕೊಂಡೇ ಮಾಡಿದರು. ಎಬಿಪಿಐ 1.05. ವರದಿಯಲ್ಲಿ ಬರೆದದ್ದು: ಗ್ರೇಟ್ ಸಫೀನಸ್ ವೇನ್‌ನಲ್ಲಿ ತೊಡೆಸಂದಿನಿಂದ ಮೀನಖಂಡದ ತನಕ ರಿಫ್ಲಕ್ಸ್, 3 ಸೆಕೆಂಡಿಗಿಂತ ಜಾಸ್ತಿ. ಸ್ಮಾಲ್ ಸಫೀನಸ್ ಸರಿ ಇದೆ. ಆಳದ ವೇನ್‌ಗಳಲ್ಲಿ ಹೆಪ್ಪು ಇಲ್ಲ. ಪಾಪ್ಲಿಟಿಯಲ್ ವೇನ್‌ನಲ್ಲಿ ಸ್ವಲ್ಪ ರಿಫ್ಲಕ್ಸ್. ಹುಣ್ಣಿನ ಕೆಳಗೆ ಒಂದು ಪರ್ಫೊರೇಟರ್, 4 ಮಿ.ಮೀ. ಕೊನೆಗೆ "ಸಿ6" ಅಂತ ಇದೆ. ಸಿ6 ಅಂದ್ರೆ ಏನು, ಗಂಭೀರವಾ?

ಗಾಯದಕೋಣೆ

ಹೆದರಬೇಡಿ. ವೇನ್ ಕಾಯಿಲೆಯನ್ನು ಸಿ0ಯಿಂದ ಸಿ6ರ ತನಕ ಗುರುತಿಸುತ್ತಾರೆ. ಸಿ5 ಅಂದರೆ ಒಣಗಿದ ಹುಣ್ಣು, ಸಿ6 ಅಂದರೆ ತೆರೆದ ಹುಣ್ಣು. ಅಷ್ಟೇ. ಎಬಿಪಿಐ ಚೆನ್ನಾಗಿದೆ, ಬಿಗಿ ಬ್ಯಾಂಡೇಜ್ ಧೈರ್ಯವಾಗಿ ಕಟ್ಟಿಸಿ. ಗಿಣ್ಣಿನ ಹತ್ತಿರ ಸುಮಾರು 40 ಮಿ.ಮೀ. ಒತ್ತಡ ಬರಬೇಕು, ಮೇಲೆ ಹೋದಂತೆ ಕಡಿಮೆಯಾಗಬೇಕು. ಬರೀ ಕ್ರೇಪ್ ಬ್ಯಾಂಡೇಜ್ ಸುತ್ತಿದರೆ ಆ ಒತ್ತಡ ಬರಲ್ಲ, ಬಂದರೂ ನಿಲ್ಲಲ್ಲ. ಎರಡು ಪದರದ್ದೋ ನಾಲ್ಕು ಪದರದ್ದೋ ಕಿಟ್ ಸಿಗುತ್ತದೆ. ಕಟ್ಟಲು ಬರುವವರ ಕೈಯಲ್ಲೇ ಕಟ್ಟಿಸಿ.

ವೇನ್‌ವೈದ್ಯ

ಒಳ್ಳೆಯ ವರದಿ. ಗ್ರೇಟ್ ಸಫೀನಸ್ ಅಂದರೆ ಕಾಲಿನ ಒಳಬದಿಯ ಉದ್ದದ ಮೇಲ್ಪದರದ ವೇನ್, ರಿಫ್ಲಕ್ಸ್ ಅಂದರೆ ರಕ್ತ ಹಿಂದಕ್ಕೆ ಸೋರುವುದು. ಮೇಲ್ಪದರದ ವೇನ್‌ನಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ರಕ್ತ ಹಿಂದಕ್ಕೆ ಹರಿದರೆ ಅದು ಸೋರಿಕೆ. ಅಮ್ಮನದು 3 ಸೆಕೆಂಡ್ ಮೇಲೆ, ಅನುಮಾನವೇ ಬೇಡ. ಎಲ್ಲಿ ಕೈ ಹಾಕಬೇಕು ಅಂತ ಸ್ಕ್ಯಾನೇ ಹೇಳಿದೆ.

ಆಳದ ವೇನ್‌ನಲ್ಲೂ (ಮಂಡಿಯ ಹಿಂದಿನ ಪಾಪ್ಲಿಟಿಯಲ್) ಸ್ವಲ್ಪ ಸೋರಿಕೆ ಇದೆ ಅಂತ ಗಾಬರಿ ಬೇಡ. ಸ್ವಲ್ಪ ಭಾಗದಲ್ಲಿ ಮಾತ್ರ ಆಳದ ಸೋರಿಕೆ ಇದ್ದವರಿಗೂ ಮೇಲ್ಪದರದ ಚಿಕಿತ್ಸೆಯಿಂದ ಲಾಭವಾಗಿದೆ ಅಂತ ಎಶ್ಚಾರ್‌ನಲ್ಲೇ ಕಂಡಿತ್ತು. ತೊಡೆಯಿಂದ ಕೆಳಗಿನವರೆಗೆ ಆಳದ ವೇನ್ ಪೂರ್ತಿ ಸೋರುತ್ತಿದ್ದರೆ ಮಾತ್ರ ಲಾಭ ಅಷ್ಟು ಸ್ಪಷ್ಟವಿಲ್ಲ. ನಿಜವಾಗಿ ಅಪಾಯದ ಸಂಗತಿ ಬೇರೆ. ಹಿಂದೆ ಹೆಪ್ಪುಗಟ್ಟಿ ಆಳದ ವೇನ್ ಮುಚ್ಚಿಹೋಗಿದ್ದರೆ, ಮೇಲ್ಪದರದ ವೇನೇ ರಕ್ತ ಮೇಲೆ ಹೋಗುವ ದಾರಿಯಾಗಿರಬಹುದು. ಅದನ್ನು ಮುಚ್ಚಿದರೆ ಕಾಲು ಇನ್ನೂ ಊದುತ್ತದೆ. ಅದಕ್ಕೇ ಸ್ಕ್ಯಾನ್ ಇಲ್ಲದ ಆಪರೇಷನ್‌ಗೆ ಯಾವತ್ತೂ ಒಪ್ಪಬೇಡಿ.

ಅಮ್ಮನಿಗೆ ಹಿಂದೆ ಯಾವಾಗಲಾದರೂ, ಬಸುರಿ ಇದ್ದಾಗ ಅಥವಾ ಹೆರಿಗೆ ಆದಮೇಲೆ, ಎಡಗಾಲು ತೊಡೆಯ ತನಕ ಊದಿತ್ತಾ? ಎಡಗಾಲಿನ ರಕ್ತ ಮೇಲೆ ಹೋಗುವ ಇಲಿಯಾಕ್ ವೇನ್, ಹೊಟ್ಟೆಯೊಳಗೆ ಬಲಗಾಲಿನ ಧಮನಿಯ ಕೆಳಗೆ ಹಾದುಹೋಗುತ್ತದೆ. ಕೆಲವರಲ್ಲಿ ಅಲ್ಲಿ ಒತ್ತಿಕೊಂಡು ದಾರಿ ಕಿರಿದಾಗುತ್ತದೆ. ಮೇ ಮತ್ತು ಥರ್ನರ್ ಇದನ್ನು 1957ರಲ್ಲಿ ವಿವರಿಸಿದರು. ಅಂಥವರಿಗೆ ಕಾಲಿನ ವೇನ್ ಮಾತ್ರ ಸರಿಮಾಡಿದರೆ ಸಾಲದು, ಒಳಗೆ ಸ್ಟೆಂಟ್ ಬೇಕಾಗಬಹುದು. ಕಾಲಿನ ಸ್ಕ್ಯಾನ್‌ನಲ್ಲಿ ಇದು ತಪ್ಪಿಹೋಗುವ ಸಾಧ್ಯತೆ ಇದೆ.

ಸಂಜೆಗಾಳಿ

ಕೇಳಿದೆ. ತೊಡೆ ಯಾವತ್ತೂ ಊದಿಲ್ಲವಂತೆ. ಗಿಣ್ಣಿನ ಹತ್ತಿರ ಮಾತ್ರ.

ಲೇಸರ್, ರೇಡಿಯೊ ಫ್ರೀಕ್ವೆನ್ಸಿ, ಫೋಮ್, ಗ್ಲೂ ಅಂತ ನಾಲ್ಕು ಹೆಸರು ಹೇಳಿದರು. ಯಾವುದು ಒಳ್ಳೇದು ಡಾಕ್ಟ್ರೇ?

ವೇನ್‌ವೈದ್ಯ

ನಾಲ್ಕರ ಗುರಿ ಒಂದೇ, ಸೋರುವ ವೇನ್ ಮುಚ್ಚುವುದು. ರಕ್ತ ಬೇರೆ ಒಳ್ಳೆಯ ದಾರಿ ಹಿಡಿಯುತ್ತದೆ.

ಲೇಸರ್ ಮತ್ತು ರೇಡಿಯೊ ಫ್ರೀಕ್ವೆನ್ಸಿ ಎರಡೂ ಬಿಸಿಯಿಂದ ಮುಚ್ಚುತ್ತವೆ. ಮಂಡಿಯ ಆಸುಪಾಸಿನಲ್ಲಿ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತಾ ತಂತಿಯನ್ನು ತೊಡೆಸಂದಿನ ತನಕ ಏರಿಸುತ್ತಾರೆ. ಆಮೇಲೆ ವೇನ್ ಸುತ್ತ ಉದ್ದಕ್ಕೂ ಮರಗಟ್ಟಿಸುವ ಔಷಧಿ ಬೆರೆಸಿದ ಸಲೈನ್ ತುಂಬಿಸುತ್ತಾರೆ. ಬಿಸಿ ಪಕ್ಕದ ನರಕ್ಕೂ ಚರ್ಮಕ್ಕೂ ತಾಗದಂತೆ ಕಾಯುವುದು ಅದೇ. ಹೆಚ್ಚಿನವರಿಗೆ ನೋವಾಗುವುದು ಈ ಚುಚ್ಚುವ ಹೊತ್ತಿನಲ್ಲಿ ಮಾತ್ರ. ರೇಡಿಯೊ ಫ್ರೀಕ್ವೆನ್ಸಿಯಲ್ಲಿ ತಂತಿಯ ತುದಿಯ 7 ಸೆಂ.ಮೀ. ಭಾಗ 120 ಡಿಗ್ರಿ ಕಾಯುತ್ತದೆ. ಒಂದೊಂದು ತುಂಡಿಗೆ 20 ಸೆಕೆಂಡು ಕೊಟ್ಟು ಹಿಂದಕ್ಕೆ ಎಳೆಯುತ್ತಾ ಬರುವುದು. ಲೇಸರ್ ಫಲಿತಾಂಶವೂ ಹೆಚ್ಚುಕಡಿಮೆ ಅಷ್ಟೇ. ಇವೆರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಮಾಡುವವರ ಕೈಗೆ ಯಾವುದು ಪಳಗಿದೆಯೋ ಅದು.

ಫೋಮ್ ಅಂದರೆ ವೇನ್ ಗೋಡೆಯನ್ನು ಕೆರಳಿಸಿ ಮುಚ್ಚುವ ಔಷಧಿ. ಎರಡು ಸಿರಿಂಜ್ ನಡುವೆ ಗಾಳಿ ಬೆರೆಸಿ ನೊರೆ ಮಾಡುವ ಸುಲಭ ವಿಧಾನವನ್ನು ಟೆಸ್ಸಾರಿ 2000ದಲ್ಲಿ ತೋರಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಮುಚ್ಚಿದ ವೇನ್ ಮತ್ತೆ ತೆರೆದುಕೊಳ್ಳುವುದು ಬಿಸಿ ವಿಧಾನಕ್ಕಿಂತ ಇದರಲ್ಲಿ ಜಾಸ್ತಿ, ಇನ್ನೊಮ್ಮೆ ಕೊಡಬೇಕಾಗಬಹುದು. ಆದರೂ ಹುಣ್ಣಿನ ರೋಗಿಗಳಲ್ಲಿ ನನಗೆ ಫೋಮ್ ಮೇಲೆ ಪ್ರೀತಿ ಸ್ವಲ್ಪ ಹೆಚ್ಚು. ಹುಣ್ಣಿನ ಅಡಿಯಲ್ಲಿರುವ ಸುತ್ತಿಬಳಸಿದ ವೇನ್‌ಗಳಿಗೆ ತಂತಿ ಹೋಗುವುದಿಲ್ಲ, ನೊರೆ ಹೋಗುತ್ತದೆ. ತುಂಬಾ ವಯಸ್ಸಾದವರು, ನಿಶ್ಶಕ್ತರು ಕೂಡ ತಡೆದುಕೊಳ್ಳುತ್ತಾರೆ. ಚರ್ಮದಲ್ಲಿ ಕಂದು ಗೆರೆ ಉಳಿಯಬಹುದು. ಕೆಲವರಿಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆ.

ಗ್ಲೂ ಹೊಸದು. ಸುತ್ತ ಸಲೈನ್ ತುಂಬಿಸುವುದು ಬೇಡ, ಅದೇ ಅದರ ಸುಖ. ಆದರೆ ಅಂಟು ಒಳಗೇ ಉಳಿಯುತ್ತದೆ, ಕೆಲವರಿಗೆ ಅಲರ್ಜಿಯಾಗಿ ತೊಡೆ ಕೆಂಪಾಗುತ್ತದೆ. ಸೋಂಕಾಗಿರುವ ಹುಣ್ಣು ಇರುವ ಕಾಲಿನೊಳಗೆ ಅಂಟು ಬಿಟ್ಟುಬರಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಈ ಯಾವುದರಲ್ಲೂ ಹುಣ್ಣನ್ನು ಮುಟ್ಟುವುದಿಲ್ಲ. ಸೂಜಿ ಹೋಗುವುದು ಒಳ್ಳೆಯ ಚರ್ಮದಲ್ಲಿ. ಕೆಂಪು ಹರಡಿ ಜ್ವರ ಇದ್ದರೆ ಮೊದಲು ಅದನ್ನು ಇಳಿಸಿ ಆಮೇಲೆ ಮಾಡುತ್ತಾರೆ. ಬರೀ ಹುಣ್ಣು ಇದೆ ಅನ್ನೋದು ಮುಂದೂಡಲು ಕಾರಣವಲ್ಲ.

ಹಳೇಕಾಲು

ನನಗೆ ಮಾಡಿದ ಹಳೆಯ ವಿಧಾನ ಈಗ ಪೂರ್ತಿ ಬಿಟ್ಟಿದ್ದಾರಾ ಸರ್? ಅವತ್ತು ಮಂಡಿಯ ಕೆಳಗೆ ಒಂದು ಪಟ್ಟಿಯಷ್ಟು ಜಾಗ ಜೋಮು ಹಿಡಿದದ್ದು ಇವತ್ತಿಗೂ ಹಾಗೇ ಇದೆ.

ವೇನ್‌ವೈದ್ಯ

ಪೂರ್ತಿ ಬಿಟ್ಟಿಲ್ಲ. ಹೊಸ ಯಂತ್ರ ಇಲ್ಲದ ಕಡೆ, ಅಥವಾ ವೇನ್ ತುಂಬಾ ದಪ್ಪಗಾಗಿ ಚರ್ಮಕ್ಕೇ ಅಂಟಿಕೊಂಡಿದ್ದರೆ ಈಗಲೂ ಮಾಡುತ್ತಾರೆ. ಚೆನ್ನಾಗಿ ಮಾಡಿದರೆ ಕೆಟ್ಟ ಆಪರೇಷನ್ ಅಲ್ಲ. ನಿಮ್ಮ ಜೋಮು ಸಫೀನಸ್ ನರದ್ದು. ಮಂಡಿಯ ಕೆಳಗೆ ಅದು ವೇನ್‌ಗೆ ಅಂಟಿಕೊಂಡೇ ಸಾಗುತ್ತದೆ. ಅದಕ್ಕೇ ಆಮೇಲಾಮೇಲೆ ಮಂಡಿಯಿಂದ ಸ್ವಲ್ಪ ಕೆಳಗಿನ ತನಕ ಮಾತ್ರ ವೇನ್ ಕೀಳುವುದು ರೂಢಿಯಾಯಿತು.

ಇದರ ಇತಿಹಾಸ ಸ್ವಾರಸ್ಯವಾಗಿದೆ. ಟ್ರೆಂಡೆಲೆನ್‌ಬರ್ಗ್ 1891ರಲ್ಲಿ ತೊಡೆಯಲ್ಲಿ ವೇನ್ ಕಟ್ಟುವುದನ್ನು ಬರೆದರು. ಬ್ಯಾಬ್‌ಕಾಕ್ 1907ರಲ್ಲಿ ವೇನ್ ಕೀಳುವ ಸಲಕರಣೆ ತಂದರು. 1938ರಲ್ಲಿ ಲಿಂಟನ್ ಅನ್ನುವವರು, ತಪ್ಪೆಲ್ಲ ಪರ್ಫೊರೇಟರ್‌ಗಳದ್ದು ಅಂತ, ಮೀನಖಂಡದ ಉದ್ದಕ್ಕೂ ಸೀಳಿ ಒಂದೊಂದನ್ನೂ ಕಟ್ಟುವ ಆಪರೇಷನ್ ಹೇಳಿದರು. ಕೆಟ್ಟ ಚರ್ಮದ ಮೇಲೇ ಅಷ್ಟುದ್ದ ಸೀಳಿದರೆ ಏನಾಗುತ್ತೆ? ಹುಣ್ಣಿಗಿಂತ ಆಪರೇಷನ್ ಗಾಯವೇ ದೊಡ್ಡ ತಲೆನೋವಾಯಿತು. ತೆರೆದ ಹುಣ್ಣಿರುವ ಕಾಲಿಗೆ ಕತ್ತರಿ ಬೇಡ ಅನ್ನುವ ಭಯಕ್ಕೆ ಆ ಕಾಲದ ಅನುಭವವೂ ಒಂದು ಕಾರಣ ಇರಬೇಕು ಅಂತ ನನ್ನ ಊಹೆ.

ಪ್ರಶ್ನೆಗಂಟು

ಇವರ ವರದಿಯಲ್ಲೂ ಪರ್ಫೊರೇಟರ್ ಇದೆಯಲ್ಲ. ಅದಕ್ಕೇನು ಮಾಡ್ತೀರಿ?

ವೇನ್‌ವೈದ್ಯ

ಆಳದ ವೇನ್‌ಗೂ ಮೇಲ್ಪದರದ ವೇನ್‌ಗೂ ನಡುವಿನ ಕೊಂಡಿ ಅದು. 3.5 ಮಿ.ಮೀ.ಗಿಂತ ದಪ್ಪ, ಅರ್ಧ ಸೆಕೆಂಡಿಗಿಂತ ಜಾಸ್ತಿ ಸೋರಿಕೆ, ಹುಣ್ಣಿನ ಕೆಳಗೇ ಇದೆ: ಈ ಮೂರೂ ಸೇರಿದರೆ ಅದಕ್ಕೂ ಚಿಕಿತ್ಸೆ ಯೋಚಿಸುತ್ತೇವೆ. ಈಗ ಸೀಳುವ ಅಗತ್ಯವಿಲ್ಲ, ಸೂಜಿಯಲ್ಲೇ ಫೋಮ್ ಅಥವಾ ಲೇಸರ್ ಕೊಡಬಹುದು. ಆದರೆ ಎಲ್ಲ ಸರ್ಜನ್‌ಗಳೂ ಒಂದೇ ಮಾತು ಹೇಳುವುದಿಲ್ಲ. ನಾನಾದರೆ ಮೊದಲು ದೊಡ್ಡ ವೇನ್ ಮುಚ್ಚಿ ಕಾಯುತ್ತೇನೆ. ಭಾರ ಇಳಿದ ಮೇಲೆ ಪರ್ಫೊರೇಟರ್ ಎಷ್ಟೋ ಸಲ ತಾನೇ ಸಣ್ಣದಾಗುತ್ತದೆ. ಹುಣ್ಣು ಮಾತು ಕೇಳದಿದ್ದರೆ ಆಗ ಅದರ ಹಿಂದೆ ಹೋಗುತ್ತೇನೆ. ಒಂದೇ ಸಲ ಎರಡನ್ನೂ ಮಾಡುವವರೂ ಇದ್ದಾರೆ, ಅದು ತಪ್ಪಲ್ಲ.

ನೀಲಿಚುಕ್ಕಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಾವನವರಿಗೆ ತೊಡೆಯ ಚರ್ಮ ತೆಗೆದು ಹುಣ್ಣಿನ ಮೇಲೆ ಅಂಟಿಸಿದರು. ಚೆನ್ನಾಗಿ ಹಿಡಿದಿತ್ತು. ವರ್ಷ ಕಳೆಯೋದರಲ್ಲಿ ಅದೂ ಕಿತ್ತುಹೋಯಿತು. ವೇನ್ ಸ್ಕ್ಯಾನ್ ಬಗ್ಗೆ ಯಾರೂ ಹೇಳಿರಲಿಲ್ಲ.

ಗಾಯದಕೋಣೆ

ಇಂಥವರನ್ನು ಆಗಾಗ ನೋಡುತ್ತೇನೆ. ಒತ್ತಡ ಹಾಗೇ ಇದ್ದರೆ ಹೊಸ ಚರ್ಮಕ್ಕೂ ಹಳೆಯದರ ಗತಿಯೇ. ಕಸಿ ಕೆಟ್ಟದ್ದಲ್ಲ. ಹುಣ್ಣು ತುಂಬಾ ದೊಡ್ಡದಾಗಿದ್ದರೆ, ಕೆಳಗೆ ಕೆಂಪಗೆ ಒಳ್ಳೆಯ ಮಾಂಸ ಬಂದು ಮೇಲಿನ ಚರ್ಮ ಮಾತ್ರ ಕೂಡುತ್ತಿಲ್ಲ ಅಂದರೆ, ಅದರಿಂದ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ. ಆದರೆ ವೇನ್ ಚಿಕಿತ್ಸೆ ಮೊದಲು, ಅಥವಾ ಜತೆಗೆ. ಆಮೇಲೂ ಬ್ಯಾಂಡೇಜ್ ಬೇಕು. ಮಾವನವರಿಗೆ ಈಗಲಾದರೂ ಸ್ಕ್ಯಾನ್ ಮಾಡಿಸಿ ಅಕ್ಕಾ.

ಹಾಗೇ ಆ್ಯಂಟಿಬಯೋಟಿಕ್ ಬಗ್ಗೆ ಒಂದು ಮಾತು. ಹಳೆಯ ಹುಣ್ಣಿನಿಂದ ಸ್ವಾಬ್ ತೆಗೆದರೆ ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತದೆ. ಅದನ್ನು ನೋಡಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದರಿಂದ ಹುಣ್ಣು ಒಣಗಲ್ಲ. ಜ್ವರ, ಸುತ್ತ ಹರಡುವ ಕೆಂಪು, ಏಕಾಏಕಿ ಹೆಚ್ಚಿದ ನೋವು, ಕೀವು: ಇವು ಕಂಡರೆ ಮಾತ್ರ.

ಸಂಜೆಗಾಳಿ

ನಮ್ಮ ಮನೇಲೂ ಮೂರು ಥರದ ಮಾತ್ರೆ ಆಯ್ತು. 😐

ಎರಡನೇ ಡಾಕ್ಟರ ಹತ್ತಿರ ಮುಂದಿನ ವಾರ ದಿನ ಸಿಕ್ಕಿದೆ. ಹೋದಾಗ ಏನೇನು ಕೇಳಲಿ? ಆಮೇಲೆ ಅಮ್ಮ ಎಷ್ಟು ದಿನ ಮಲಗಿರಬೇಕು?

ವೇನ್‌ವೈದ್ಯ

ಮಲಗಲೇಬಾರದು! ಮಾಡಿದ ದಿನವೇ ನಡೆಯಬೇಕು. ದಿನವಿಡೀ ಮಲಗಿದರೆ ಆಳದ ವೇನ್‌ನಲ್ಲಿ ಹೆಪ್ಪುಗಟ್ಟುವ ಭಯ. ಕೂತಾಗ ಕಾಲನ್ನು ಎತ್ತರಕ್ಕಿಟ್ಟುಕೊಳ್ಳಲಿ, ಹೃದಯಕ್ಕಿಂತ ಮೇಲೆ. ಸ್ಟೂಲ್ ಮೇಲೆ ಪಾದ ಇಟ್ಟರೆ ಅದು ಎತ್ತರವಲ್ಲ.

ಕೇಳಬೇಕಾದದ್ದು: ಮುಚ್ಚುವ ಮೊದಲು ಅವರೇ ಇನ್ನೊಮ್ಮೆ ಸ್ಕ್ಯಾನ್ ಮಾಡಿ ವೇನ್ ಗುರುತು ಹಾಕುತ್ತಾರಾ? ಪರ್ಫೊರೇಟರ್ ಬಗ್ಗೆ ಅವರ ಯೋಚನೆ ಏನು? ಹೆಪ್ಪು ತಡೆಯುವ ಇಂಜೆಕ್ಷನ್ ಅಮ್ಮನಿಗೆ ಬೇಕಾ? ಆದ ಮೇಲೆ ಸ್ಕ್ಯಾನ್ ಯಾವಾಗ? ಬಿಸಿ ವಿಧಾನದಲ್ಲಿ ಅಪರೂಪಕ್ಕೆ ತೊಡೆಸಂದಿನ ಹತ್ತಿರ ಹೆಪ್ಪು ಆಳದ ವೇನ್‌ಗೆ ಚಾಚಿಕೊಳ್ಳುವುದುಂಟು, ಅದನ್ನು ನೋಡಲು. ಮತ್ತೆ, ಹುಣ್ಣು ಒಣಗುವ ತನಕ ಬ್ಯಾಂಡೇಜ್ ಯಾರು ಕಟ್ಟುತ್ತಾರೆ? ಇದಕ್ಕೆ ಉತ್ತರ ಇಲ್ಲದ ಆಸ್ಪತ್ರೆಯಲ್ಲಿ ಲೇಸರ್ ಎಷ್ಟು ಚೆನ್ನಾಗಿದ್ದರೂ ಅರ್ಧ ಕೆಲಸವೇ.

ಗಾಯದಕೋಣೆ

ಒಣಗಿದ ಮೇಲೂ ಮಂಡಿಯ ತನಕದ ಒತ್ತುವ ಕಾಲುಚೀಲ ಬಿಡಬೇಡಿ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು, ಕಾಲು ಊದಿದ ಮೇಲೆ ಹಾಕೋಕೆ ಹೋದರೆ ಜಗಳವೇ. ಅಮ್ಮನ ಕೈಗೆ ಬಲ ಸಾಲದಿದ್ದರೆ ಹಾಕಿಕೊಳ್ಳಲು ಕಂಬಿಯ ಚೌಕಟ್ಟು ಸಿಗುತ್ತದೆ. ಅಮ್ಮ ಪಾದವನ್ನು ಮೇಲೆ ಕೆಳಗೆ ಸಲೀಸಾಗಿ ಆಡಿಸುತ್ತಾರಾ ನೋಡಿ. ಹುಣ್ಣಿನ ನೋವಿಗೆ ಹೆದರಿ ಕೀಲು ಬಿಗಿಯಾಗಿದ್ದರೆ ಮೀನಖಂಡ ಹಿಂಡುವುದೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸ ಮಾಡಿಸಿ.

ಹಳೇಕಾಲು

ಇಷ್ಟೆಲ್ಲ ಓದಿ ನಾನೂ ಒಂದು ಕೇಳಿಬಿಡುತ್ತೇನೆ. ಈಗಿನ ಹುಣ್ಣು ಬಹಳ ಕಾಲದಿಂದ ಹಾಗೇ ಇದೆ. ಇತ್ತೀಚೆಗೆ ಒಂದು ಅಂಚು ದಪ್ಪಗೆ ಹೊರಕ್ಕೆ ಮಗುಚಿಕೊಂಡಂತೆ ಬೆಳೆದಿದೆ, ಮುಟ್ಟಿದರೆ ರಕ್ತ ಬರುತ್ತದೆ. ಒಳ್ಳೆಯ ಮಾಂಸ ಬರ್ತಾ ಇದೆ ಅಂತ ಖುಷಿಯಲ್ಲಿದ್ದೆ.

ವೇನ್‌ವೈದ್ಯ

ಅಣ್ಣಾ, ಇದನ್ನು ತಡ ಮಾಡಬೇಡಿ. ಹಳೆಯ ಹುಣ್ಣಿನ ಅಂಚಿನಲ್ಲಿ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಹುಟ್ಟಿಕೊಳ್ಳುತ್ತದೆ. ನಿಮಗೆ ಅದೇ ಆಗಿದೆ ಅಂತಲ್ಲ. ಆದರೆ ಸರಿಯಾಗಿ ಬ್ಯಾಂಡೇಜ್ ಕಟ್ಟಿಯೂ ಮೂರು ತಿಂಗಳಲ್ಲಿ ಕಿರಿದಾಗದ ಹುಣ್ಣಿಗೆ, ಅದರಲ್ಲೂ ಅಂಚು ಹೀಗೆ ಎದ್ದಿದ್ದರೆ, ಬಯಾಪ್ಸಿ ಆಗಲೇಬೇಕು. ಅಂಚಿನ ಎರಡು ಮೂರು ಕಡೆಯಿಂದ ಸಣ್ಣ ತುಂಡು ತೆಗೆಯುತ್ತಾರೆ, ಮರಗಟ್ಟಿಸಿ ಮಾಡುವ ಕೆಲಸ. ವೇನ್ ಸ್ಕ್ಯಾನ್ ಆಮೇಲೆ ನೋಡೋಣ. ಈ ವಾರವೇ ಹೋಗಿ.

ಹಳೇಕಾಲು

ನಾಳೆಯೇ ಹೋಗುತ್ತೇನೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಾ ಇದ್ದೇನೆ, ಇವತ್ತು ರಾತ್ರಿದು ಬಿಡಲಾ?

ವೇನ್‌ವೈದ್ಯ

ನೀವಾಗಿಯೇ ಬಿಡಬೇಡಿ. ಮಾತ್ರೆಯ ಪಟ್ಟಿ ತಗೊಂಡು ಹೋಗಿ, ಕೊಟ್ಟವರ ಹೆಸರನ್ನೂ ಹೇಳಿ. ಇಷ್ಟು ಸಣ್ಣ ಬಯಾಪ್ಸಿಗೆ ಎಷ್ಟೋ ಸಲ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಅವರು ತೀರ್ಮಾನ ಮಾಡುತ್ತಾರೆ. ವರದಿ ಬಂದ ಮೇಲೆ ಇಲ್ಲಿ ಬರೆಯಿರಿ.